ಉಗಿಬಂಡಿಯ ಬಾಯಾರಿಕೆ

ಉಗಿಬಂಡಿಗೆ ಹಸಿವು ಜಾಸ್ತಿಯೋ, ಬಾಯಾರಿಕೆಯೋ?

ಬಾಯಾರಿಕೆ!
ಕಲ್ಲಿದ್ದಲಿಗಿಂತ ನೀರೇ ಹೆಚ್ಚು ಬೇಕು.
ಕುದ್ದ ನೀರು ಆವಿಯಾಗಿ ಪಿಸ್ಟನ್ ತಳ್ಳುತ್ತೆ,
ಚಿಮಣಿಯಿಂದ 'ಛುಕ್' ಅಂತ ಹೊರಟೇ ಹೋಗುತ್ತೆ.
ಮುದ್ದೆಗೆ ಎಸರಿಟ್ಟು, ಮುಚ್ಚಳ ಮರೆತ ಹಾಗೆ.

ಈಗ ನಂಜನಗೂಡಿನ ಹಳೇ ಕಲ್ಲುಸೇತುವೆ ನೋಡಿ.
1735ರದ್ದು.
ಎತ್ತಿನ ಗಾಡಿ ಕಾಲದ್ದು ಸ್ವಾಮಿ,
ಮುಂದೆ ಅದರ ಮೇಲೇ ಮೀಟರ್‌ಗೇಜ್ ರೈಲೂ ಓಡ್ತು!
ಕೆಳಗೆ ಕಪಿಲೆ ನದಿ.
ಇಂಥ ಕಡೆ ಬಂಡಿಯ ಬಾಯಾರಿಕೆಗೇನು ಚಿಂತೆ!

ಆದ್ರೆ ಮರಳುಗಾಡಲ್ಲಿ?
ಅಮೆರಿಕದ ಲಾಸ್ ವೇಗಸ್.
1902ರಲ್ಲಿ ರೈಲ್ವೆಗೋಸ್ಕರ
ಜಮೀನಿನ ಸಮೇತ ಅಲ್ಲಿನ ಒರತೆಗಳನ್ನೇ ಕೊಂಡ್ಕೊಂಡ್ರು.
ಊರಿನ ಸೈಟು ಹರಾಜು ಹಾಕಿದ್ದು?
1905ರಲ್ಲಿ!
ಮೊದಲು ಇಂಜಿನ್ನಿಗೆ ನೀರು,
ಜನ ಆಮೇಲೆ.

ಅಷ್ಟೇ ಅಲ್ಲ,
1954ರವರೆಗೂ ಊರಿನ ನಲ್ಲಿಗೆ ನೀರು ಬಿಡ್ತಿದ್ದದ್ದು
ರೈಲ್ವೆಯದೇ ಮರಿಕಂಪನಿ.