ಐವತ್ತಕ್ಕೆ ಇನ್ನೊಂದು ಕುಬಸ

ಬಾಗಲಕೋಟೆ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಮಾಡುವ ಶಾಸ್ತ್ರಕ್ಕೆ ‘ಕುಬಸ’ ಎಂದು ಹೆಸರು. ತವರಿನವರು ಹಸಿರು ಸೀರೆ, ಹಸಿರು ಬಳೆ, ಖಣ ತಂದು ಉಡಿ ತುಂಬುತ್ತಾರೆ. ಕುಬಸವೆಂದರೆ ಕುಪ್ಪಸವೇ. ಮೈ ತುಂಬಿಕೊಂಡಿದೆ, ಹಳೆಯದು ಇನ್ನು ಸಾಲದು, ಹೊಸದು ಬೇಕು ಎಂಬ ತಿಳಿವಳಿಕೆ ಆ ಹೆಸರಿನಲ್ಲೇ ಇದ್ದಂತಿದೆ. ಅದೇ ಹೆಣ್ಣಿಗೆ ಐವತ್ತರ ಸುಮಾರಿಗೆ ಮೈ ಇನ್ನೊಮ್ಮೆ ಬದಲಾಗುತ್ತದೆ. ಆಗ ಯಾವ ಶಾಸ್ತ್ರವೂ ಇಲ್ಲ, ಹೊಸ ಅಳತೆಯೂ ಇಲ್ಲ.

ಇಳಕಲ್ಲಿನ ಪೇಟೆಯಾಗಲಿ ಹುನಗುಂದದ ಸಂತೆಯಾಗಲಿ, ಅಂಗಡಿಯಲ್ಲಿ ಗಂಡಸು ನಿಂತಿದ್ದರೆ ಮುಗಿಯಿತು. “ಮೂವತ್ನಾಕರದು ಒಂದ್ ಕೊಡ್ರಿ” ಎಂದು ಸಣ್ಣ ದನಿಯಲ್ಲಿ ಹೇಳಿ, ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನು ಕೈಚೀಲಕ್ಕೆ ಹಾಕಿಕೊಂಡು ಬಂದುಬಿಡುವವರೇ ಹೆಚ್ಚು. ಆ 34 ಯಾವಾಗಿನ ಅಳತೆ? ಬಹುಶಃ ಮದುವೆಯಾದ ವರ್ಷದ್ದು. ಸಂಜೆ ಮನೆಗೆ ಬಂದೊಡನೆ ಬೆನ್ನ ಹಿಂದಿನ ಹುಕ್ಕು ಬಿಚ್ಚಿ ಉಸ್ಸೆನ್ನುವ ಹೆಂಗಸು, “ವಯಸ್ಸಾತು, ಏನ್ ಹಾಕ್ಕೊಂಡ್ರೂ ಒತ್ತತೈತಿ” ಎಂದು ವಯಸ್ಸಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗುತ್ತಾಳೆ. ವಯಸ್ಸಿನ ಪಾಲು ಇದರಲ್ಲಿ ಇದೆ, ನಿಜ. ಆದರೆ ಪೂರ್ತಿ ಅದರದ್ದೇ ಅಲ್ಲ.

ಸ್ತನದೊಳಗೆ ಮಾಂಸಖಂಡವಿಲ್ಲ ಎಂಬುದು ಹಲವರಿಗೆ ತಿಳಿಯದು. ಮಾಂಸಖಂಡ ಇರುವುದು ಅದರ ಹಿಂದೆ, ಎದೆಗೂಡಿನ ಮೇಲೆ. ಸ್ತನದಲ್ಲಿರುವುದು ಹಾಲಿನ ಗ್ರಂಥಿಗಳು, ಕೊಬ್ಬು ಮತ್ತು ಇವನ್ನು ಹಿಡಿದಿಡುವ ನಾರಿನಂಥ ಎಳೆಗಳು. ಈ ಎಳೆಗಳನ್ನು 1840ರಲ್ಲಿ ವಿವರಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಸರ್ ಆಸ್ಟ್ಲಿ ಕೂಪರನ ಹೆಸರೇ ಇಂದಿಗೂ ಅವಕ್ಕೆ ಉಳಿದಿದೆ. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿಯುತ್ತದೆ; ಗ್ರಂಥಿಗಳು ಕುಗ್ಗಿ ಆ ಜಾಗಕ್ಕೆ ಕೊಬ್ಬು ಬರುತ್ತದೆ. ಎಳೆಗಳೂ ಚರ್ಮವೂ ಬಿಗಿ ಕಳೆದುಕೊಳ್ಳುತ್ತವೆ. ಅರ್ಧ ತುಂಬಿದ ಜೋಳದ ಚೀಲವನ್ನು ಎತ್ತಿ ನಿಲ್ಲಿಸಿದರೆ ಕಾಳೆಲ್ಲ ತಳಕ್ಕೆ ಇಳಿಯುವುದಿಲ್ಲವೇ, ಹಾಗೆ ಮೇಲ್ಭಾಗ ತೆಳುವಾಗಿ ಭಾರ ಕೆಳಗೆ ಸೇರುತ್ತದೆ. ಹಳೆಯ ಅಳತೆಯ ಬ್ರಾದ ಕಪ್ ಮೇಲೆ ಸಡಿಲ, ಕೆಳಗೆ ಒತ್ತು.

ಮೊಲೆಯೂಡಿಸಿದ್ದರಿಂದಲೇ ಹೀಗಾಯಿತೆಂದು ಕೆಲವರು ಹಳಹಳಿಸುವುದುಂಟು. ಅದು ಸರಿಯಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ವಯಸ್ಸು, ಬಸುರುಗಳ ಸಂಖ್ಯೆ, ಧೂಮಪಾನ ಇವು ಕಾರಣವಾಗಿ ಕಂಡವೇ ಹೊರತು ಹಾಲೂಡಿಸಿದ್ದು ಕಾಣಲಿಲ್ಲ.

ಬದಲಾಗುವುದು ಸ್ತನ ಮಾತ್ರವೂ ಅಲ್ಲ. ಕೊಬ್ಬು ಹೊಟ್ಟೆಗೂ ಬೆನ್ನಿಗೂ ಸೇರಿ ಎದೆಯ ಕೆಳಗಿನ ಸುತ್ತಳತೆ ಹೆಚ್ಚುತ್ತದೆ. ಮೂಳೆ ತೆಳುವಾಗಿ ಬೆನ್ನುಮೂಳೆಯ ಮಣಿಗಳು ಕುಸಿದರೆ ಎತ್ತರ ಕಡಿಮೆಯಾಗುತ್ತದೆ, ಬೆನ್ನು ಬಾಗುತ್ತದೆ. ಇಳಕಲ್, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ವರ್ಷಗಟ್ಟಲೆ ಬಗ್ಗಿ ಕುಳಿತು ಕಂಡಿಕೆ ಸುತ್ತಿದ ಹೆಂಗಸರಿಗೆ ಈ ಬಾಗು ಬೇಗ ಬಂದರೆ ಆಶ್ಚರ್ಯವಿಲ್ಲ. ಬೆನ್ನು ಬಾಗಿದಾಗ ಪಕ್ಕೆಲುಬುಗಳು ಸೊಂಟದ ಹತ್ತಿರಕ್ಕೆ ಇಳಿಯುತ್ತವೆ. ಮೊದಲು ಪಕ್ಕೆಯ ಮೇಲೆ ಸಮವಾಗಿ ಕೂರುತ್ತಿದ್ದ ಬ್ರಾದ ಸುತ್ತುಪಟ್ಟಿ ಈಗ ಮಡಿಕೆಯೊಳಗೆ ಸಿಕ್ಕಿಕೊಂಡು ಕೊರೆಯುತ್ತದೆ. ಹೆಗಲು ಮುಂದಕ್ಕೆ ಜಾರಿದ್ದರಿಂದ ಹೆಗಲ ಪಟ್ಟಿಯೂ ಜಾರುತ್ತದೆ. ಆಕೆ ಪಟ್ಟಿಯನ್ನು ಬಿಗಿ ಮಾಡುತ್ತಾಳೆ. ಇಲ್ಲಿಯೇ ಎಡವಟ್ಟು.

ಬ್ರಾದ ಭಾರದ ಬಹುಪಾಲನ್ನು ಹೊರಬೇಕಾದದ್ದು ಸುತ್ತುಪಟ್ಟಿ, ಹೆಗಲ ಪಟ್ಟಿಯಲ್ಲ. ಪಟ್ಟಿ ಬಿಗಿದಷ್ಟೂ ಭಾರವೆಲ್ಲ ಬೆರಳಗಲದ ಜಾಗಕ್ಕೆ ಬೀಳುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂಬುದನ್ನು ಶಾಲೆಯಲ್ಲಿ ಕಲಿಯದ ಅಜ್ಜಿಯೂ ಬಿಂದಿಗೆ ಹೊರುವಾಗ ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಿದ್ದಳು. ಭಾರ ಅಷ್ಟೇ, ಹರಡಿತು, ನೋವು ಇಳಿಯಿತು. ತೆಳು ಪಟ್ಟಿಯ ಬ್ರಾಗೆ ಸಿಂಬಿ ಇಲ್ಲ. ಹೆಗಲಲ್ಲಿ ಗುಳಿ ಬೀಳುವುದು, ಕುತ್ತಿಗೆ ನೋವು, ಕೆಲವರಿಗೆ ಕೈ ಜೋಮು ಹಿಡಿಯುವುದು ಇದರಿಂದಲೇ.

ಇನ್ನು ಚರ್ಮ. ಮುಟ್ಟು ನಿಂತ ಮೇಲೆ ಅದು ತೆಳುವಾಗುತ್ತದೆ, ಒಣಗುತ್ತದೆ. ಮೊದಲು ಗೊತ್ತೇ ಆಗದಿದ್ದ ಹೊಲಿಗೆಯ ಅಂಚು ಈಗ ಗೀರುತ್ತದೆ. ಇದರ ಮೇಲೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವ ಕಾಟ ಬೇರೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ ನೈಲಾನ್ ಬ್ರಾ ಎಂದರೆ ಹೇಳುವುದೇ ಬೇಡ. ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಬೂಷ್ಟಿನ ಸೋಂಕು ತಗಲುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಮತ್ತೂ ಬೇಗ. ನಮ್ಮ ನಾಚಿಕೆಯೂ ಇದಕ್ಕೆ ಒತ್ತಾಸೆ: ಒಗೆದ ಬ್ರಾವನ್ನು ಯಾರಿಗೂ ಕಾಣದಂತೆ ಬಚ್ಚಲ ಮೂಲೆಯಲ್ಲಿ, ಟವೆಲ್ಲಿನ ಕೆಳಗೆ ಒಣಹಾಕುವುದು. ಅದು ಒಣಗುವುದೇ ಇಲ್ಲ. ಅರೆಹಸಿಯಾಗಿಯೇ ಮರುದಿನ ಮೈಗೇರುತ್ತದೆ.

ಸಮಾಧಾನವಿಲ್ಲದ ಇನ್ನೊಂದು ಭಾಗ ಹೆಗಲ ಕೀಲು. ನಲವತ್ತರಿಂದ ಅರವತ್ತರ ನಡುವೆ ಕೀಲು ಬಿಗಿದು ಕೈ ಹಿಂದಕ್ಕೆ ಹೋಗದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಬಹಳ. ಅಂಥವರಿಗೆ ಬೆನ್ನ ಹಿಂದಿನ ಹುಕ್ಕು ದಿನಾ ಬೆಳಗಿನ ಶಿಕ್ಷೆ.

ಈ ತೊಂದರೆಗಳಲ್ಲಿ ಕೆಲವು ಹಳೆಯ ಕುಪ್ಪಸಕ್ಕೆ ಇರಲಿಲ್ಲ. ಮೊದಲು ಬಾದಾಮಿ ತಾಲ್ಲೂಕಿನಲ್ಲಿದ್ದ ಗುಳೇದಗುಡ್ಡದಲ್ಲಿ ನೇಯುವ ಖಣ, ಇಳಕಲ್ ಸೀರೆಯ ಜೋಡಿ. ಎರಡಕ್ಕೂ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಖಣದಲ್ಲಿ ಹೊಲಿದ ಕುಪ್ಪಸಕ್ಕೆ ಹುಕ್ಕಿಲ್ಲ, ಇಲಾಸ್ಟಿಕ್ಕಿಲ್ಲ. ಎದೆಯ ಕೆಳಗೆ ಎರಡು ಅಂಚು ಸೇರಿಸಿ ಮುಂದೆಯೇ ಗಂಟು. ಉಂಡ ಮೇಲೆ ಸಡಿಲ ಮಾಡಬಹುದು, ಮೈ ಬಂದರೆ ಸಡಿಲ, ಇಳಿದರೆ ಬಿಗಿ. ಕೈ ಹಿಂದಕ್ಕೆ ಹೋಗಬೇಕಿಲ್ಲ. ಭಾರ ಹೆಗಲು, ತೋಳು, ಬೆನ್ನಿನ ಬಟ್ಟೆಗೆಲ್ಲ ಹಂಚಿಹೋಗುತ್ತದೆ. ಹಾಗೆಂದು ಅದನ್ನು ಅತಿಯಾಗಿ ಹೊಗಳಬೇಕಿಲ್ಲ. ಮೈಭಾರದ ಹೆಂಗಸಿಗೆ ಅದರಲ್ಲಿ ಸಾಕಷ್ಟು ಆಧಾರ ಸಿಗುತ್ತಿರಲಿಲ್ಲ. ಓಡುವ, ಬಸ್ ಹತ್ತುವ ಇಂದಿನವರಿಗೆ ಸಾಲದು.

ಬ್ರಾ ಹುಟ್ಟಿದ್ದೂ ಒಂದು ಬಗೆಯ ಗಂಟಿನಿಂದಲೇ. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎರಡು ಕರವಸ್ತ್ರಕ್ಕೆ ರಿಬ್ಬನ್ ಕಟ್ಟಿ ಮಾಡಿದ್ದಕ್ಕೆ 1914ರಲ್ಲಿ ಪೇಟೆಂಟ್ ಸಿಕ್ಕಿತು. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನೂಲು ಕಂಡುಹಿಡಿದ ಮೇಲೆ ಬಿಗಿತದ ಭಾರವೆಲ್ಲ ನೂಲಿಗೆ ಬಿತ್ತು. ಆ ನೂಲಿಗೂ ವಯಸ್ಸಾಗುತ್ತದೆ; ಕುದಿನೀರು, ಬ್ಲೀಚಿಂಗ್ ಪುಡಿ ಅದನ್ನು ಬೇಗ ಕೊಲ್ಲುತ್ತವೆ. ತಯಾರಕರ ಬೊಂಬೆಗಳಿಗೆ ಮಾತ್ರ ವಯಸ್ಸಿಲ್ಲ. ಬಾದಾಮಿಯ ಮೂರನೆಯ ಗುಹೆಯ ಕಂಬಗಳ ಸುಂದರಿಯರಿಗೂ ಅಷ್ಟೇ, 578ರಿಂದ ಇಂದಿನವರೆಗೆ ಬೆನ್ನು ಬಾಗಿಲ್ಲ.

ಹಾಗಾದರೆ ಮಾಡುವುದೇನು? ಮನೆಯಲ್ಲೇ ಟೇಪು ಹಿಡಿದು ಎದೆಯ ಕೆಳಗಿನ ಸುತ್ತಳತೆ, ತುಂಬು ಸುತ್ತಳತೆ ಎರಡನ್ನೂ ಹೊಸದಾಗಿ ತೆಗೆಯಬೇಕು. ಮೊದಲನೆಯದು ಪಟ್ಟಿಯ ಸಂಖ್ಯೆಗೆ, ಎರಡರ ವ್ಯತ್ಯಾಸ ಕಪ್ಪಿನ ಅಕ್ಷರಕ್ಕೆ. 34 ಒತ್ತುತ್ತದೆಂದು 36 ಕೊಂಡಾಗ ಅಕ್ಷರ ಅದೇ ಇದ್ದರೆ ಕಪ್ಪೂ ದೊಡ್ಡದಾಗುತ್ತದೆ; ಕಪ್ ಸರಿಯಿದ್ದು ಪಟ್ಟಿಯಷ್ಟೇ ಬಿಗಿಯಾದರೆ 34-ಸಿ ಬದಲು 36-ಬಿ ಕೇಳಬೇಕು. ಹೊಸದನ್ನು ಅತಿ ಸಡಿಲದ ಹುಕ್ಕಿಗೆ ಹಾಕಿ, ಇಲಾಸ್ಟಿಕ್ ಸೋತಂತೆ ಒಳಗಿನ ಹುಕ್ಕಿಗೆ ಬರಬೇಕು. ಅಗಲ ಪಟ್ಟಿ, ಹತ್ತಿ ಬಟ್ಟೆ, ಹೆಗಲು ನೋವಿದ್ದರೆ ಮುಂದೆ ಹುಕ್ಕಿರುವುದು ಒಳ್ಳೆಯದು. ಮನೆಯಲ್ಲಿದ್ದಾಗ ಹಾಕದಿದ್ದರೂ ಕೇಡಿಲ್ಲ. ಬ್ರಾ ಹಾಕಿದರೆ ಕ್ಯಾನ್ಸರ್ ಬರುತ್ತದೆಂಬ ಮಾತೂ ಸುಳ್ಳು. ಮುಟ್ಟು ನಿಂತ 1,500ಕ್ಕೂ ಹೆಚ್ಚು ಹೆಂಗಸರನ್ನು ಕುರಿತು ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಅಂಥ ನಂಟನ್ನು ಕಾಣಲಿಲ್ಲ.

ಆದರೆ ಎಲ್ಲ ಬಿಗಿತವನ್ನೂ ಬ್ರಾದ ಲೆಕ್ಕಕ್ಕೆ ಬರೆಯುವುದು ಅಪಾಯ. ಒಂದೇ ಬದಿ ದಪ್ಪವಾದರೆ, ಗಂಟು ಸಿಕ್ಕರೆ, ಚರ್ಮ ಗುಳಿಬಿದ್ದರೆ, ತೊಟ್ಟು ಒಳಸೇರಿದರೆ ಅಥವಾ ರಕ್ತ ಒಸರಿದರೆ ನೋವಿಲ್ಲವೆಂದು ಕಾಯಬಾರದು. ಬಿಚ್ಚಿದ ಮೇಲೂ ಎದೆ ಬಿಗಿದು ಉಸಿರು ಕಟ್ಟಿದರೆ ತಡವನ್ನೇ ಮಾಡಬಾರದು. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸ್ತನ ತಪಾಸಣೆ ಮಾಡಬೇಕೆಂಬುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಅದು ಎಲ್ಲಿ, ಯಾವ ದಿನ ಎಂಬುದನ್ನು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಆಕೆಯೂ ಹೆಂಗಸೇ, ಸಣ್ಣ ದನಿಯಲ್ಲಿ ಕೇಳಬೇಕಾಗಿಲ್ಲ.