ದೂರಶಿಕ್ಷಣ, ತಬಲಾ ಮತ್ತು ವಾರದ 168 ಗಂಟೆ

ದ್ವಿತೀಯ ಪಿಯುಸಿಯಲ್ಲಿರುವ ನಮಗೆಲ್ಲ ಈಗ ಒಂದೇ ಪ್ರಶ್ನೆ: ಮುಂದೇನು? ಕೆಲವರು ಬಿ.ಕಾಂ. ಅನ್ನುತ್ತಾರೆ, ಕೆಲವರು ಸಿ.ಎ. ಅನ್ನುತ್ತಾರೆ. ಇನ್ನು ಕೆಲವರು ಮನೆಯ ಪರಿಸ್ಥಿತಿ ನೆನೆದು ಸುಮ್ಮನಾಗುತ್ತಾರೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸ ಮಾಡುತ್ತಾ ಮನೆಯಿಂದಲೇ ಪದವಿ ಓದಬಹುದು ಎಂದು ಎಲ್ಲರೂ ಹೇಳುತ್ತಾರೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡುತ್ತಿದ್ದೇನೆ.

ನಮ್ಮ ಊರು ಹುಬ್ಬಳ್ಳಿ. ಎರಡು ವರ್ಷದ ಹಿಂದೆ ಅಬ್ಬಾ ಅವರ ಆರೋಗ್ಯ ಕೆಟ್ಟಿತು. ಭಾಯಿಜಾನ್ ಕಾಲೇಜು ಬಿಟ್ಟು ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಅದೇ ವರ್ಷ ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಬಿ.ಕಾಂ.ಗೆ ಹೆಸರು ಹಚ್ಚಿದರು. ಇವೆರಡರ ಜೊತೆಗೆ ಎಂಟನೇ ತರಗತಿಯಿಂದ ಕಲಿಯುತ್ತಿರುವ ತಬಲಾ ಇತ್ತು.

ಮೊದಲು ದೂರಶಿಕ್ಷಣದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಇಗ್ನೋ 1985ರಲ್ಲಿ ಸ್ಥಾಪನೆಯಾಯಿತು. ನಮ್ಮ ರಾಜ್ಯದ್ದೇ ಆದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣದ ಪದವಿ, ದಿನಾ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ. ಹೆಸರು ಹಚ್ಚುವ ಮೊದಲು ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಇಗ್ನೋದಲ್ಲಿ ಓದನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಪುಸ್ತಕ ಓದುವುದು, ಅಸೈನ್‌ಮೆಂಟ್ ಬರೆಯುವುದು, ಸಂಪರ್ಕ ತರಗತಿ ಎಲ್ಲವೂ ಅದರಲ್ಲಿ ಸೇರಿದೆ. ಬಿ.ಕಾಂ.ನಲ್ಲಿ ಅಸೈನ್‌ಮೆಂಟ್‌ಗೆ ಶೇ. 30, ಪರೀಕ್ಷೆಗೆ ಶೇ. 70 ಅಂಕ. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ.

ಭಾಯಿಜಾನ್ ಎಡವಿದ್ದು ಅಸೈನ್‌ಮೆಂಟ್‌ನಲ್ಲಿ. ಮೊದಲ ಸಲ ಪರೀಕ್ಷೆ ಚೆನ್ನಾಗಿಯೇ ಬರೆದರು. ಆದರೆ ನಾಳೆ ಬರೆದರಾಯಿತು ಎನ್ನುತ್ತಾ ಎರಡು ವಿಷಯಗಳ ಅಸೈನ್‌ಮೆಂಟ್ ಕೊಡಲೇ ಇಲ್ಲ. ಆ ಎರಡೂ ವಿಷಯ ಪೂರ್ತಿಯಾಗಲಿಲ್ಲ. ತಪ್ಪು ಅವರದೇ ಎಂದು ಅವರೇ ಒಪ್ಪಿಕೊಂಡರು. ಅಮ್ಮಿಗೆ ಮಾತ್ರ ತಪ್ಪು ತಬಲಾದ್ದು ಅನ್ನಿಸಿತು. "ಡಿಗ್ರಿ ಮುಗಿಯುವವರೆಗೆ ಅದನ್ನು ಎತ್ತಿಡು ಬೇಟಾ" ಅಂದರು. ಭಾಯಿಜಾನ್ ಎದುರು ಮಾತಾಡಲಿಲ್ಲ. ತಬಲಾ ಜೋಡಿಯನ್ನು ಚೀಲಕ್ಕೆ ಹಾಕಿ ಅಲ್ಮೇರಾದ ಮೇಲೆ ಇಟ್ಟರು.

ಎರಡು ತಿಂಗಳು ಅದು ಅಲ್ಲೇ ಇತ್ತು. ಆ ಎರಡು ತಿಂಗಳಲ್ಲಿ ಅವರು ಹೆಚ್ಚು ಓದಿದರೇ? ಇಲ್ಲ. ಅಂಗಡಿಯಿಂದ ಬಂದು ಊಟ ಮಾಡಿ ಮೊಬೈಲ್ ಹಿಡಿದು ಮಲಗುತ್ತಿದ್ದರು. ಯಾರ ಜೊತೆಗೂ ಹೆಚ್ಚು ಮಾತಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು. ಒಂದು ದಿನ ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವರ ವಾರದ ಲೆಕ್ಕ ಬರೆದೆ. ವಾರಕ್ಕೆ ಒಟ್ಟು 168 ಗಂಟೆ. ಖರ್ಚು ಹೀಗಿತ್ತು:

ನಿದ್ದೆ: 49 ಗಂಟೆ
ಅಂಗಡಿ, ಆರು ದಿನ: 57 ಗಂಟೆ
ಹೋಗಿ ಬರಲು: 6 ಗಂಟೆ
ಊಟ, ಸ್ನಾನ, ನಮಾಜ್, ಸಂತೆ, ಅಬ್ಬಾ ಅವರ ಸೇವೆ: 24.5 ಗಂಟೆ
ತಬಲಾ (ಭಾನುವಾರ ಕ್ಲಾಸಿಗೆ 2, ಉಳಿದ ದಿನ ಅರ್ಧ ಗಂಟೆಯಂತೆ 3): 5 ಗಂಟೆ

ಕೂಡಿದರೆ 141.5. ತಬಲಾ ಸೇರಿಸಿಯೂ 26.5 ಗಂಟೆ ಉಳಿಯುತ್ತಿತ್ತು. ಈಗ ಓದಿನ ಲೆಕ್ಕ ನೋಡಿ. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದು ಹಿಡಿದರೆ ವರ್ಷಕ್ಕೆ 40 ಕ್ರೆಡಿಟ್, ಅಂದರೆ 1,200 ಗಂಟೆ. 52 ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 23 ಗಂಟೆ. ಕಾಗದದ ಮೇಲೆ ಎಲ್ಲವೂ ಹಿಡಿಸುತ್ತದೆ. ಹಾಗಾದರೆ ಓದು ಯಾಕೆ ನಿಂತಿತ್ತು?

ಪುಟವನ್ನು ಭಾಯಿಜಾನ್‌ಗೆ ತೋರಿಸಿದೆ. ಬಹಳ ಹೊತ್ತು ನೋಡಿ ಅವರು ಹೇಳಿದ್ದು ಇಷ್ಟು: "ಭಾನುವಾರ ನಾಲ್ಕು ಗಂಟೆಗೆ ಉಸ್ತಾದರು ನನಗಾಗಿ ಕಾಯುತ್ತಾರೆ. ಪಾಠ ಬಾರದಿದ್ದರೆ ಅವರ ಮುಖ ನೋಡಲು ಆಗುವುದಿಲ್ಲ. ಬಿ.ಕಾಂ.ಗೆ ಯಾರು ಕಾಯುತ್ತಾರೆ?"

ನನಗೆ ಆಗ ವಿಷಯ ಅರ್ಥವಾಯಿತು. ನಮ್ಮ ಕಾಲೇಜಿನಲ್ಲಿ ಗಂಟೆ ಹೊಡೆಯುತ್ತದೆ, ಹಾಜರಿ ಕರೆಯುತ್ತಾರೆ, ಟೆಸ್ಟ್ ಇಡುತ್ತಾರೆ. ನಾವು ಗೊಣಗುತ್ತೇವೆ, ಆದರೂ ಓದುತ್ತೇವೆ. ದೂರಶಿಕ್ಷಣದಲ್ಲಿ ಪುಸ್ತಕ ಬರುತ್ತದೆ, ಗಂಟೆ ಬರುವುದಿಲ್ಲ. ತಬಲಾಕ್ಕೆ ಹೊತ್ತು ಗೊತ್ತಿತ್ತು, ಕೇಳುವವರೂ ಇದ್ದರು. ಅದಕ್ಕೇ ಅದು ನಿಲ್ಲಲಿಲ್ಲ. ಓದಿಗೂ ಅದನ್ನೇ ಮಾಡಬೇಕಿತ್ತು.

ತಬಲಾ ಕೆಳಗೆ ಬಂತು. ಅಮ್ಮಿಯನ್ನು ಒಪ್ಪಿಸಿದ್ದು ನನ್ನ ಲೆಕ್ಕದ ಪುಟ. ಈಗ ನಮ್ಮ ಮನೆಯಲ್ಲಿ ವ್ಯವಸ್ಥೆ ಹೀಗಿದೆ. ಫಜರ್ ನಮಾಜ್ ಆದ ಮೇಲೆ ಒಂದೂವರೆ ಗಂಟೆ ಓದು. ಮೊಬೈಲ್ ಅಡುಗೆಮನೆಯಲ್ಲಿ ಅಮ್ಮಿಯ ಹತ್ತಿರ ಇರುತ್ತದೆ. ರಾತ್ರಿ ಇಶಾ ಮುಗಿಸಿ ಬಂದು ಅರ್ಧ ಗಂಟೆ ತಬಲಾ. ಅಬ್ಬಾ ಮಲಗಿರುತ್ತಾರೆ, ಪಕ್ಕದ ಮನೆಯಲ್ಲಿ ಚಿಕ್ಕ ಮಗು ಇದೆ. ಹಾಗಾಗಿ ತಬಲಾ ಮೇಲೆ ಮಡಿಸಿದ ಟವೆಲ್ ಹಾಕಿ ನುಡಿಸುತ್ತಾರೆ. ವಾರದಲ್ಲಿ ನಾಲ್ಕು ರಾತ್ರಿ ಊಟದ ನಂತರ ಇನ್ನೊಂದು ಗಂಟೆ ಓದು. ಭಾನುವಾರ ಬೆಳಿಗ್ಗೆ ಮೂರು ಗಂಟೆ ನಾನೇ ಎದುರಿಗೆ ಕೂತು ಪ್ರಶ್ನೆ ಕೇಳುತ್ತೇನೆ. ಪುಸ್ತಕ ಇಂಗ್ಲಿಷಿನದು, ನನ್ನ ಪ್ರಶ್ನೆ ಉರ್ದುವಿನಲ್ಲಿ, ಜಮಾ-ಖರ್ಚಿನ ಮಾತು ಬಂದಾಗ ಇಬ್ಬರದೂ ಅಂಗಡಿಯ ಕನ್ನಡ. ಇದರಿಂದ ನನ್ನ ಅಕೌಂಟೆನ್ಸಿಯೂ ಸುಧಾರಿಸಿದೆ.

ಕೂಡಿದರೆ ವಾರಕ್ಕೆ 16 ಗಂಟೆ, 23 ಅಲ್ಲ. ಈ ವೇಗದಲ್ಲಿ ಪದವಿಗೆ ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಆದರೆ ಬಿ.ಕಾಂ. ಮುಗಿಸಲು ಇಗ್ನೋ ಆರು ವರ್ಷದವರೆಗೆ ಅವಕಾಶ ಕೊಡುತ್ತದೆ. ಮೊದಲು ಭಾಯಿಜಾನ್‌ಗೆ ಇದು ನಾಚಿಕೆಯ ವಿಷಯವಾಗಿತ್ತು. ಉಸ್ತಾದರು ಸಮಾಧಾನ ಹೇಳಿದರಂತೆ: ಕಾಯ್ದಾವನ್ನು ಮೊದಲು ನಿಧಾನ ಲಯದಲ್ಲಿ ನುಡಿಸಬೇಕು, ಬೋಲ್ ಸ್ವಚ್ಛವಾದ ಮೇಲೆಯೇ ದುಗುಣ್. ಭಾನುವಾರ ಒಮ್ಮೆಲೇ ಮೂರು ಗಂಟೆ ನುಡಿಸುವುದಕ್ಕಿಂತ ದಿನಾ ಅರ್ಧ ಗಂಟೆಗೆ ಕೈ ಕೂಡುತ್ತದೆ. ಓದೂ ಹಾಗೆಯೇ ಎಂದು ಈಗ ಅವರೇ ನನಗೆ ಹೇಳುತ್ತಾರೆ.

ಪರೀಕ್ಷೆಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವುದೂ ಮುಖ್ಯ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಸಂಗೀತ ಪರೀಕ್ಷೆಗಳು ಏಪ್ರಿಲ್-ಮೇ ಮತ್ತು ನವೆಂಬರ್-ಡಿಸೆಂಬರ್‌ನಲ್ಲಿ ಇರುತ್ತವೆ. ಡಿಸೆಂಬರ್ ಇಗ್ನೋದ್ದು. ಅದಕ್ಕೆ ಭಾಯಿಜಾನ್ ತಬಲಾ ಪರೀಕ್ಷೆಯನ್ನು ಬೇಸಿಗೆಗೆ ಮಾತ್ರ ಕಟ್ಟುತ್ತಾರೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುವುದರಿಂದ ಹೋದ ವರ್ಷದ ವೇಳಾಪಟ್ಟಿ ಈ ವರ್ಷಕ್ಕೆ ಹೊಂದುವುದಿಲ್ಲ. ಆ ತಿಂಗಳು ರಾತ್ರಿ ತರಾವೀಹ್ ಇರುತ್ತದೆ. ತಬಲಾ ಚೀಲದಲ್ಲಿರುತ್ತದೆ, ಓದು ಸೆಹ್ರಿಯ ನಂತರ.

ಗೆಳೆಯ ಗೆಳತಿಯರೇ, ನಿಮ್ಮಲ್ಲಿ ಯಾರಾದರೂ ದೂರಶಿಕ್ಷಣಕ್ಕೆ ಹೋಗುವುದಾದರೆ ನಾನು ಕಂಡ ನಾಲ್ಕು ಮಾತು ನೆನಪಿಡಿ. ಮೊದಲ ವಾರವೇ 168 ಗಂಟೆಯ ಲೆಕ್ಕ ಬರೆಯಿರಿ. ಅಸೈನ್‌ಮೆಂಟ್ ಕೊಡುವ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಾರಕ್ಕೊಮ್ಮೆ ನಿಮ್ಮ ಪಾಠ ಕೇಳುವ ಒಬ್ಬರನ್ನು ಗೊತ್ತುಮಾಡಿಕೊಳ್ಳಿ, ತಂಗಿಯಾದರೂ ಆದೀತು. ಹಾಡು, ತಬಲಾ, ಕ್ರಿಕೆಟ್, ಯಾವುದೇ ಇರಲಿ, ಲೆಕ್ಕ ನೋಡದೆ ಅದನ್ನು ಅಲ್ಮೇರಾದ ಮೇಲೆ ಇಡಬೇಡಿ.

ಬಾಕಿ ಉಳಿದಿದ್ದ ಎರಡೂ ಅಸೈನ್‌ಮೆಂಟ್‌ಗಳನ್ನು ಭಾಯಿಜಾನ್ ಕೊಟ್ಟಾಗಿದೆ. ಈ ಭಾನುವಾರ ಸವಕಳಿಯ ಅಧ್ಯಾಯ. ಪ್ರಶ್ನೆಗಳನ್ನು ನಾನು ಬರೆದಿಟ್ಟಿದ್ದೇನೆ.