ಅಂಬಲಿಯ ಹುಳಿ: ಒಲೆಗೆ ಮೊದಲೋ, ಅನಂತರವೋ?

ಪುಣೆಯ ಯೆರವಡಾದಲ್ಲಿರುವ ಆಗಾ ಖಾನ್ ಅರಮನೆಯಲ್ಲಿ ಗಾಂಧೀಜಿಯವರು 1942ರ ಆಗಸ್ಟ್‌ನಿಂದ 1944ರ ಮೇ ತಿಂಗಳವರೆಗೆ ಬಂಧನದಲ್ಲಿದ್ದರು. ಆರೋಗ್ಯವನ್ನು ಕುರಿತ ಅವರ ಕಿರುಹೊತ್ತಗೆ ರಚಿತವಾದುದು 1942ರಲ್ಲಿ, ಅಲ್ಲಿಯೇ. ಹಿಟ್ಟನ್ನು ಜರಡಿ ಹಿಡಿಯಬಾರದು, ತೌಡಿನಲ್ಲಿ ಲವಣಗಳೂ ಜೀವಸತ್ತ್ವಗಳೂ ಇವೆ ಎಂಬುದು ಅದರಲ್ಲಿನ ಒಂದು ಸಲಹೆ. ಮಾತು ನಿಜ. ಆದರೆ ತೌಡನ್ನು ಉಳಿಸಿಕೊಂಡ ಮಾತ್ರಕ್ಕೆ ಅದರ ಸತ್ತ್ವವೆಲ್ಲ ದೇಹಕ್ಕೆ ದಕ್ಕುವುದಿಲ್ಲ. ಅದರಲ್ಲಿನ ಫೈಟಿಕ್ ಆಮ್ಲವು ಕಬ್ಬಿಣ, ಸತು, ಸುಣ್ಣಗಳನ್ನು ಹಿಡಿದಿಟ್ಟು, ಕರುಳು ಅವನ್ನು ಹೀರದಂತೆ ತಡೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣವಿದ್ದರೂ ಅದಷ್ಟೂ ಉಂಡವರ ಪಾಲಿಗೆ ಬರುವುದಿಲ್ಲ.

ಈ ಕಟ್ಟನ್ನು ಸಡಿಲಿಸುವ ಮನೆಯ ಉಪಾಯವೇ ಹುದುಗು. ಕನ್ನಡನಾಡಿನಲ್ಲಿ ಅದಕ್ಕೆ ಅಂಬಲಿ ಒಳ್ಳೆಯ ನಿದರ್ಶನ. ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳ ಇದರ ಮುಖ್ಯ ಧಾನ್ಯಗಳು. ಜರಡಿ ಹಿಡಿಯದ ಹಿಟ್ಟನ್ನು ನೀರಿನಲ್ಲಿ ಕಲಸಿ, ಮಡಕೆಯಲ್ಲಿ ಒಂದು ರಾತ್ರಿಯಾದರೂ ಮುಚ್ಚಿಡುತ್ತಾರೆ. ಹಿಂದಿನ ದಿನದ ಹುಳಿನೀರನ್ನು ಸ್ವಲ್ಪ ಬೆರೆಸಿದರೆ ಹುದುಗು ಬೇಗ ಏಳುತ್ತದೆ. ಬೆಳಗ್ಗೆ ಅದನ್ನು ಕುದಿಯುವ ನೀರಿಗೆ ಹೊಯ್ದು, ಗಂಟಾಗದಂತೆ ತಿರುವಿ, ಆರಿಸಿ, ಮಜ್ಜಿಗೆ, ಉಪ್ಪು, ಈರುಳ್ಳಿಯೊಡನೆ ಕುಡಿಯುತ್ತಾರೆ. ಮಡಕೆಯಲ್ಲಿ ಬೆಳೆದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಹಿಟ್ಟನ್ನು ಹುಳಿಯಾಗಿಸುತ್ತವೆ. ಧಾನ್ಯದಲ್ಲಿಯೇ ಇರುವ ಫೈಟೇಸ್ ಎಂಬ ಕಿಣ್ವಕ್ಕೆ ಈ ಹುಳಿ ಅನುಕೂಲಕರ. ಅದು ಫೈಟಿಕ್ ಆಮ್ಲದ ಒಂದು ಭಾಗವನ್ನು ಒಡೆಯುತ್ತದೆ.

ಇನ್ನೊಂದು ಬಗೆಯೂ ಬಳಕೆಯಲ್ಲಿದೆ. ಹಿಟ್ಟನ್ನು ನೇರವಾಗಿ ಬೇಯಿಸಿ, ಆರಿದ ಮೇಲೆ ಹುಳಿಮಜ್ಜಿಗೆ ಬೆರೆಸಿ ಕೂಡಲೇ ಕುಡಿಯುವುದು. ನಾಲಗೆಗೆ ಎರಡೂ ಹುಳಿಯೇ. ಆದರೆ ಬೆಂಕಿಯ ಕಾವಿಗೆ ಕಿಣ್ವ ನಾಶವಾಗುತ್ತದೆ, ಫೈಟಿಕ್ ಆಮ್ಲ ಬಹುಮಟ್ಟಿಗೆ ಉಳಿಯುತ್ತದೆ. ಆದ್ದರಿಂದ ಎರಡನೆಯದರಲ್ಲಿ ದೊರೆಯುವುದು ಹುಳಿಯ ರುಚಿ, ಹುದುಗಿನ ಫಲವಲ್ಲ. ರಕ್ತಹೀನತೆಯಿಂದ ಬಳಲುವವರ ಮನೆಯಲ್ಲಿ ಈ ವ್ಯತ್ಯಾಸ ಅಲ್ಪವಾದುದಲ್ಲ.

ಹೊರರಾಜ್ಯಗಳ ಸಂಶೋಧಕರು ಗಮನಿಸಬೇಕಾದ ಅಂಶವೊಂದಿದೆ. ಮರಾಠಿಯ ‘ಆಂಬೀಲ’ ಎಂಬ ಹೆಸರಿನಲ್ಲಿಯೇ ಹುಳಿ ಅಡಗಿದೆ. ‘ಆಂಬಣೆ’ ಎಂದರೆ ಹುಳಿಯಾಗುವುದು, ಪ್ರಾಕೃತದ ‘ಅಂಬಿಲ’ ಎಂದರೆ ಹುಳಿ. ಕನ್ನಡದ ‘ಅಂಬಲಿ’ಯಾದರೋ ಹುದುಗಿಸಿದ, ಹುದುಗಿಸದ ಎರಡೂ ಗಂಜಿಗಳಿಗೆ ಸಲ್ಲುತ್ತದೆ. ಆದಕಾರಣ ಪುಣೆಯಂತಹ ನಗರಗಳ ಕನ್ನಡ ಕುಟುಂಬಗಳಲ್ಲಿ ಆಹಾರಪದ್ಧತಿಯನ್ನು ದಾಖಲಿಸುವವರು ಪದವನ್ನಷ್ಟೇ ಬರೆದುಕೊಂಡರೆ ಸಾಲದು. ಹಿಟ್ಟನ್ನು ಜರಡಿ ಹಿಡಿದಿದ್ದರೇ, ಹುಳಿ ಬಂದದ್ದು ಒಲೆಗೇರುವ ಮೊದಲೋ ಅನಂತರವೋ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.